ಸ್ಪಂಜಪ್ಪನೂ ನನ್ನ ಲೈಸೆನ್ಸೂ

ಮಾರ್ಚ್ 3, ಸೋಮವಾರ

ಎರಡು ಹಲ್ಲು ಕೀಳುವುದಿತ್ತು, ಮೂರು ಕ್ಲೀನಿಂಗ್, ಒಂದು ರೂಟ್ ಕೆನಾಲ್. ಮಧ್ಯಾಹ್ನ ಆಟೋಕ್ಲೇವ್ ಮುನಿಸಿಕೊಂಡಿತು. ಬಾಗಿಲಿನ ರಬ್ಬರ್ ಒರೆಸಿ ಮತ್ತೆ ಹಾಕಿದೆ, ದಾರಿಗೆ ಬಂತು. ಚಿಮಟ ಕನ್ನಡಿ ಬೇಯಿಸುವ ಯಂತ್ರಕ್ಕೂ ದಿನಕ್ಕೊಮ್ಮೆ ಮರ್ಯಾದೆ ಬೇಕು.

ರೂಟ್ ಕೆನಾಲ್‌ಗೆ ಬಂದವರು ದೊಡ್ಡ ಸಾಹೇಬರು. "ಸಿಸ್ಟರ್, ಸ್ವಲ್ಪ ನೀರು" ಎಂದರು. ಕೊಟ್ಟೆ. ಕೊಟ್ಟು ಹೇಳಿದೆ — "ನಾನು ಸಿಸ್ಟರ್ ಅಲ್ಲ, ಡೆಂಟಲ್ ಅಸಿಸ್ಟೆಂಟ್. ಲೈಸೆನ್ಸ್ ಗೋಡೆ ಮೇಲಿದೆ. ಬಾಯಿ ಮರಗಟ್ಟೋವರೆಗೂ ಓದ್ತಾ ಇರಿ." ಡಾಕ್ಟರಮ್ಮ ಮಾಸ್ಕಿನೊಳಗೆ ನಕ್ಕರು. ಕಣ್ಣಿನಲ್ಲೇ ತಿಳಿಯುತ್ತದೆ.

ಆ ಲೈಸೆನ್ಸ್ ಈ ತಿಂಗಳ ಕೊನೆಗೆ ಮುಗಿಯುತ್ತದೆ. ಎರಡು ವರ್ಷಕ್ಕೊಮ್ಮೆ ಇದ್ದದ್ದೇ. ಸೋಂಕು ತಡೆಯುವ ಕ್ಲಾಸ್ ಆಯಿತು, ಎಕ್ಸ್-ರೇ ಕ್ಲಾಸ್ ಆಯಿತು. ಉಳಿದದ್ದು ಸಿಪಿಆರ್ — ಉಸಿರು ನಿಂತವರ ಎದೆ ಒತ್ತಿ ಬದುಕಿಸುವ ವಿದ್ಯೆ. ಹಿಂದೆಲ್ಲ ವಿಡಿಯೋ ನೋಡಿ ಟಿಕ್ ಹಾಕಿದರೆ ಸಾಕಿತ್ತು. ಈ ಸಲ ಗೊಂಬೆಯ ಮೇಲೆ ಕೈಯಾರೆ ಮಾಡಿ ತೋರಿಸಬೇಕಂತೆ. ಶನಿವಾರ. ಗೊಂಬೆ ತಾನೇ... ನೀರು ಕುಡಿದಷ್ಟು ಸಲೀಸು.

ಮನೆಗೆ ಬಂದರೆ ಸೀಟಿ ಮತ್ತೆ ಹಾಲು ಉಕ್ಕಿಸಿದ್ದಾಳೆ. ಸೊಸೆ ಎಂದು ಬರೆಯಲು ಇನ್ನೂ ಕೈ ಬಂದಿಲ್ಲ. ಈಜುಕೊಳದ ದಡದಲ್ಲಿ ಕುಳಿತು, ಮುಳುಗುವವರನ್ನು ಕಾಯುತ್ತಾ ಸೀಟಿ ಊದುವುದೇ ಅವಳ ಉದ್ಯೋಗ, ಆ ಹೆಸರೇ ಇರಲಿ. ಮಗ ಮೆಚ್ಚಿ ತಂದದ್ದು, ನಾನು ತುಟಿ ಬಿಚ್ಚಿಲ್ಲ. ಆದರೆ ಜರಡಿ ಕೊಡು ಎಂದರೆ "ಯಾವುದು ಅತ್ತೆ?" ಎನ್ನುತ್ತಾಳೆ. ಡಾಕ್ಟರಮ್ಮ ಕೇಳುವ ಮೊದಲೇ ಅವರ ಅಂಗೈಗೆ ಕನ್ನಡಿ ಇಡುವವಳು ನಾನು. ಇವಳಿಗೆ ಬಾಯಿಬಿಟ್ಟು ಕೇಳಿದರೂ ಸೌಟು ಸಿಗುವುದಿಲ್ಲ.

ಮಾರ್ಚ್ 8, ಶನಿವಾರ

ಫೇಲ್.

ಮಾರ್ಚ್ 9, ಭಾನುವಾರ

ಬರೆಯದಿದ್ದರೆ ಹೊಟ್ಟೆಯಲ್ಲೇ ಹುಳಿಯುತ್ತದೆ. ಬರೆದುಬಿಡುತ್ತೇನೆ.

ಹಾಲ್‌ನ ನೆಲದ ಮೇಲೆ ಗೊಂಬೆ. ಸೊಂಟದವರೆಗೆ ಮಾತ್ರ, ಕೈಕಾಲಿಲ್ಲ. ಪರೀಕ್ಷೆ ಮಾಡುವ ಮೇಷ್ಟ್ರು ನನ್ನ ಮಗನ ವಾರಿಗೆಯವರು. "ಈ ವ್ಯಕ್ತಿ ಕುಸಿದು ಬಿದ್ದಿದ್ದಾರೆ. ಶುರು ಮಾಡಿ ಅಮ್ಮ." ಮಂಡಿಯೂರಿದೆ. ಗಲ್ಲ ಎತ್ತಿದೆ. ಮಾತು ತಾನಾಗಿ ಹೊರಟಿತು — "ಏನೂ ಆಗಲ್ಲ, ಬಾಯಿ ಅಗಲ ತೆಗೀರಿ. ನೋವಾದ್ರೆ ಎಡಗೈ ಎತ್ತಿ." ಹಿಂದಿನ ಸಾಲಿನಲ್ಲಿ ಯಾರೋ ಕಿಸಕ್ಕೆಂದರು.

"ಸಹಾಯಕ್ಕೆ ಕೂಗಿ ಅಮ್ಮ."

"ಯಾರಾದ್ರೂ ಬರ್ತೀರಾ..." ಎಂದೆ. ನನಗೇ ಕೇಳಿಸಲಿಲ್ಲ. ಮನೆಯಲ್ಲಿ ನನ್ನ ದನಿ ಬೀದಿಯ ಕೊನೆ ಮುಟ್ಟುತ್ತದೆ. ಆದರೆ ಬಿಳಿ ಕೋಟು ತೊಟ್ಟರೆ ಗಂಟಲು ಇಳಿದುಹೋಗುತ್ತದೆ. ಹೆದರಿ ಬಂದವರ ಎದುರು ದನಿ ಎತ್ತಬಾರದು ಎಂದು ಕಲಿತ ಗಂಟಲು.

ಎದೆ ಒತ್ತಿದ್ದು ಚೆನ್ನಾಗಿಯೇ ಹೋಯಿತು. ಆಮೇಲೆ ಉಸಿರು ಊದಬೇಕು. ಊದುವ ಮಾಸ್ಕ್ ಎತ್ತಿಕೊಂಡೆ. ಎತ್ತಿಕೊಂಡವಳು ಗೊಂಬೆಯ ಎದೆಯ ಮೇಲಿಂದ ಆಚೆ ಬದಿಗೆ ಚಾಚಿದೆ. ಹಿಡಿಯಲು ಸುಲಭವಾಗುವಂತೆ ತಿರುಗಿಸಿ, ನೀಟಾಗಿ. ಚಾಚಿ ಕಾದೆ.

ಆಚೆ ಯಾರೂ ಇರಲಿಲ್ಲ. ಇಷ್ಟು ವರ್ಷ ಅಲ್ಲೊಂದು ಕೈ ಇರುತ್ತಿತ್ತು.

"ಯಾರಿಗೆ ಕೊಡ್ತಾ ಇದ್ದೀರಿ ಅಮ್ಮ? ನೀವೇ ಊದ್ಬೇಕು!"

ಅಷ್ಟರಲ್ಲಿ ಸಮಯ ಮೀರಿತ್ತು. ಗೊಂಬೆ ಸತ್ತಿತು.

ಇನ್ನೊಂದೇ ಅವಕಾಶ, ಇಪ್ಪತ್ತೊಂಬತ್ತಕ್ಕೆ. ಅದೂ ತಪ್ಪಿದರೆ ಲೈಸೆನ್ಸ್ ಬಿದ್ದುಹೋಗುತ್ತದೆ. ಮತ್ತೆ ಮೊದಲಿನಿಂದ ಪರೀಕ್ಷೆಗೆ ಕೂರಬೇಕು, ಅಲ್ಲಿಯವರೆಗೆ ರೋಗಿಯ ಕುರ್ಚಿಯ ಪಕ್ಕ ನಿಲ್ಲುವಂತಿಲ್ಲ.

ಯಜಮಾನರು "ಪರೀಕ್ಷೆ ಆಯ್ತೇನೇ?" ಎಂದರು. "ಆಯ್ತು" ಎಂದೆ. ಆಯಿತಲ್ಲ, ಸುಳ್ಳೇನಿದೆ?

ಮಾರ್ಚ್ 11, ಮಂಗಳವಾರ

ಡಾಕ್ಟರಮ್ಮನಿಗೆ ಹೇಳಲೇಬೇಕಿತ್ತು. ಹೇಳಿದೆ.

"ಅಯ್ಯೋ, ಬಿಡಿ ಅಕ್ಕ. ಪಾಸಾಗದಿದ್ರೂ ನೀವೆಲ್ಲೂ ಹೋಗಲ್ಲ. ಕೌಂಟರ್‌ನಲ್ಲಿ ಆರಾಮಾಗಿ ಕೂತ್ಕೊಳ್ಳಿ. ಎಷ್ಟು ವರ್ಷ ಅಂತ ನಿಂತೇ ಇರ್ತೀರಿ?"

ಪ್ರೀತಿಯಿಂದಲೇ ಅಂದರು. ಅದಕ್ಕೇ ಚುಚ್ಚಿತು. ಬೈದಿದ್ದರೆ ಎರಡು ಮಾತು ತಿರುಗಿಸಿ ಹೇಳಿ ಹಗುರಾಗುತ್ತಿದ್ದೆ.

ಕೂರುವುದಕ್ಕೆ ಮನೆಯಲ್ಲಿ ಸೋಫಾ ಇದೆ. ಯಜಮಾನರು ಜೀವಮಾನವೆಲ್ಲ ಸೋಫಾ ಹೊಲಿದವರು. ಒಂದಲ್ಲ, ಮೂರಿವೆ. ಕೂರಬೇಕೆಂದಿದ್ದರೆ ಎಂದೋ ಕೂರುತ್ತಿದ್ದೆ.

ಮಾರ್ಚ್ 13, ಗುರುವಾರ

ಸಿಕ್ಕಿಬಿದ್ದೆ.

ಬೆಳಿಗ್ಗೆ ಬಚ್ಚಲಿನ ಬಾಗಿಲು ಹಾಕಿಕೊಂಡು ಒಗೆಯುವ ಬಟ್ಟೆಯ ಗಂಟಿನ ಮೇಲೆ ಅಭ್ಯಾಸ ಮಾಡುತ್ತಿದ್ದೇನೆ, ಮೂರು ದಿನದಿಂದ. ಇವತ್ತು ಶೂ ಹಾಕಲು ಬಗ್ಗಿದಾಗ "ಸ್" ಎಂದುಬಿಟ್ಟೆ. ಸೀಟಿ ನಿಂತು ನೋಡಿದಳು.

"ಅತ್ತೆ, ಅಂಗೈ ತೋರ್ಸಿ."

"ಯಾಕೆ? ಶಾಸ್ತ್ರ ಹೇಳ್ತೀಯಾ?"

"ತೋರ್ಸಿ ಅತ್ತೆ." ಅಂಗೈಯ ಬುಡ ಕೆಂಪಾಗಿತ್ತು. "ಮಂಡಿನೂ ಕಪ್ಪಾಗಿದೆ ಅಲ್ವಾ? ನಮ್ಮ ಪೂಲ್‌ನಲ್ಲಿ ಪರೀಕ್ಷೆ ಹತ್ರ ಬಂದಾಗ ಎಲ್ರಿಗೂ ಹೀಗೇ. ಸಿಪಿಆರ್ ಮಂಡಿ ಅಂತೀವಿ."

"ನಂದು ಆಗಿಹೋಯ್ತು ಪರೀಕ್ಷೆ."

"ಪಾಸಾದವರು ಬಚ್ಚಲಲ್ಲಿ ಬಟ್ಟೆ ಗಂಟನ್ನ ಬದುಕಿಸ್ತಾ ಕೂರಲ್ಲ ಅತ್ತೆ. ಹೊರಗೆ ಕೇಳ್ಸುತ್ತೆ, ನೀವು ಎಣಿಸೋದು."

ಮೂಗು ಹಿಡಿದರೆ ಬಾಯಿ ಬಿಡಲೇಬೇಕು. ಹೇಳಿದೆ. ಬಾಯಿ ತೆಗೀರಿ ಎಂದದ್ದು, ದನಿ ಏಳದ್ದು, ಗಾಳಿಗೆ ಮಾಸ್ಕ್ ಕೊಟ್ಟದ್ದು... ಎಲ್ಲ. ನಕ್ಕರೆ ಈ ಜನ್ಮದಲ್ಲಿ ಮಾತಾಡಿಸುವುದಿಲ್ಲ ಎಂದುಕೊಂಡಿದ್ದೆ.

ನಗಲಿಲ್ಲ. "ಮಂಡಿ ಇನ್ನೂ ಅಗಲ ಇಡ್ಬೇಕು ನೀವು. ಸಂಜೆ ಬೇಗ ಬನ್ನಿ" ಎಂದಳು.

ಸೊಸೆ ನನಗೆ ಬೇಗ ಬಾ ಎನ್ನುತ್ತಾಳೆ. ಹೋದೆ.

ಮಾರ್ಚ್ 16, ಭಾನುವಾರ

ಮನೆಗೆ ಹೊಸಬರೊಬ್ಬರು ಬಂದಿದ್ದಾರೆ.

ದಿಂಬಿನ ಮೇಲೆ ಒತ್ತಿದರೆ ಎದೆ ವಾಪಸ್ಸು ಏಳುವುದಿಲ್ಲ, ಲೆಕ್ಕ ತಪ್ಪುತ್ತದೆ ಎಂದು ಸೀಟಿ ಮಾವನ ಹತ್ತಿರ ದೂರಿದ್ದಳು. ಅವರಿಗೆ ಅಷ್ಟು ಸಾಕು. ಹಳೆಯ ಸೋಫಾದ ಸ್ಪ್ರಿಂಗು, ಸ್ಪಂಜು, ಮೇಲೆ ಹಳೇ ಜೀನ್ಸಿನ ಚರ್ಮ. ಕಣ್ಣಿಗೆ ಕೋಟಿನ ಗುಂಡಿ. ಬಾಯಿಗೆ ಜಿಪ್!

"ಜಿಪ್ ಯಾಕ್ರೀ?"

"ನಿನ್ನ ಗಿರಾಕಿಗಳು ಬಾಯಿ ತೆಗೀಬೇಕಲ್ಲ. ಈ ಮನೇಲಿ ನೀನು ಹೇಳಿದಾಗ ಬಾಯಿ ತೆಗೆದು, ಹೇಳಿದಾಗ ಮುಚ್ಚೋನು ನನ್ನ ಬಿಟ್ರೆ ಇವನೊಬ್ಬನೇ."

ಸ್ಪಂಜಪ್ಪ ಎಂದು ನಾಮಕರಣವೂ ಆಯಿತು.

ಸೀಟಿ ತರಬೇತಿಯಲ್ಲಿ ಸೀಟಿ ಅಲ್ಲ, ಸರ್ದಾರ. "ಮೊಣಕೈ ಮಡಚ್ಬೇಡಿ. ಭುಜದಿಂದ ಒತ್ತಿ. ಎದೆ ಪೂರ್ತಿ ಏಳ್ಲಿ... ಅವಸರ ಏನು ಅತ್ತೆ, ಬಸ್ಸು ಬಂತಾ?" ನನಗೆ ಹೀಗೆ ಹೇಳಿದವರು ಹೈಸ್ಕೂಲಿನ ಡ್ರಿಲ್ ಟೀಚರ್ ಆದಮೇಲೆ ಯಾರೂ ಇಲ್ಲ. ಯಜಮಾನರು ಚಹಾ ಹೀರುತ್ತಾ, "ಅತ್ತೆಗೊಂದು ಕಾಲ, ಸೊಸೆಗೊಂದು ಕಾಲ" ಎಂದರು. ಎದೆಯನ್ನು ಒತ್ತುತ್ತಲೇ ದುರುಗುಟ್ಟಿ ನೋಡಿದೆ.

"ಹಾಂ, ಇದೇ ಜೋರು!" ಎಂದಳು ಅವಳು. "ಮಾವ, ಇನ್ನೂ ಎರಡು ಮಾತು ಅನ್ನಿ. ಅತ್ತೆ ಸರಿಯಾಗಿ ಒತ್ತುತ್ತಿದ್ದಾರೆ."

ಮಾರ್ಚ್ 20, ಗುರುವಾರ

ಇವತ್ತಿನದು ಬರೆಯುವಾಗಲೂ ನಗು.

ಕೂಗುವುದೊಂದು ಬರುತ್ತಿರಲಿಲ್ಲ. ಪರೀಕ್ಷೆಗೆ ತೊಡುವ ಕೋಟಿನಲ್ಲೇ ಅಭ್ಯಾಸ ಎಂದು ಸೀಟಿಯ ಹಟ. ಕೋಟು ತೊಟ್ಟರೆ ನನ್ನ ದನಿ ಬೆಕ್ಕಿನ ಮರಿ. ನಾಲ್ಕು ಸಲ ಆಯಿತು.

"ಅತ್ತೆ, ನಾನು ಹಾಲು ಉಕ್ಕಿಸಿದಾಗ ಒಂದು ದನಿ ತೆಗೀತೀರಲ್ಲ..."

"ಏನೀಗ?"

"ಆ ದನಿ ಬೇಕು. ಒಲೆ ಮೇಲೆ ಹಾಲಿದೆ. ನಾನು ಇಲ್ಲಿದೀನಿ. ಉಕ್ತಾ ಇರ್ಬೇಕು ಈಗ."

"ಯಾರ್ರೀ ಅಲ್ಲಿ! ಓಡಿ ಬನ್ನಿ ಇಲ್ಲಿ!"

ಹೊರಟೇಬಿಟ್ಟಿತು. ಕೋಟು ತೊಟ್ಟ ಗಂಟಲಿನಿಂದಲೇ! ಎದುರು ಸಲೂನಿನವರು ಕತ್ತರಿ ಹಿಡಿದೇ ನುಗ್ಗಿದರು, ಅವರ ಹಿಂದೆ ಅರ್ಧ ಗಡ್ಡ ಬೋಳಿಸಿಕೊಂಡ ಗಿರಾಕಿ, ಕೊರಳಿಗೆ ಬಿಳಿ ಬಟ್ಟೆ. ನೆಲದ ಮೇಲೆ ಅಂಗಾತ ಸ್ಪಂಜಪ್ಪ, ಜಿಪ್ ತೆರೆದು.

"ಯಾರಮ್ಮ ಇದು?" ಎಂದರು ಸಲೂನಿನವರು, ಬೆವರೊರೆಸಿಕೊಳ್ಳುತ್ತಾ.

ಯಜಮಾನರು ಪೇಪರಿನಿಂದ ತಲೆ ಎತ್ತದೆ, "ನಮ್ಮ ದೊಡ್ಡ ಮಗ. ಸ್ವಲ್ಪ ಸುಸ್ತು."

ಅಡುಗೆಮನೆಯಲ್ಲಿ ಹಾಲು ನಿಜವಾಗಿ ಉಕ್ಕಿತ್ತು. ನಾನೇ ಒರೆಸಿದೆ. ಬೈಯಲು ದನಿ ಉಳಿದಿರಲಿಲ್ಲ.

ಉಳಿದದ್ದು ಮಾಸ್ಕ್. ಹತ್ತರಲ್ಲಿ ಆರು ಸಲ ಕೈ ಇನ್ನೂ ಆಚೆ ಬದಿಗೇ ಹೋಗುತ್ತದೆ. ಬೇಡ ಬೇಡ ಎಂದರೂ. ಕೈಗೆ ಕಿವಿ ಇಲ್ಲ.

ಮಾರ್ಚ್ 23, ಭಾನುವಾರ

ಸೀಟಿ ಇವತ್ತು ನನ್ನ ಕೈಗಳನ್ನೇ ನೋಡುತ್ತಾ ಕೂತಳು. ಬೈಯುತ್ತಾಳೆ ಎಂದು ಕಾದೆ.

"ಬಿಡ್ಬೇಡಿ ಅತ್ತೆ, ಕೊಡೋ ಅಭ್ಯಾಸ. ಇಷ್ಟು ವರ್ಷದ್ದು, ಹದಿನೈದು ದಿನಕ್ಕೆ ಹೇಗೆ ಹೋಗುತ್ತೆ? ಕೊಡಿ. ಆದ್ರೆ ನಿಮ್ಮ ಎಡಗೈಗೆ ಕೊಡಿ. ಅದೇ ಡಾಕ್ಟರು ಅಂದ್ಕೊಳ್ಳಿ."

ಎಡಗೈಯನ್ನು ಸ್ಪಂಜಪ್ಪನ ಹಣೆಯ ಹತ್ತಿರ ತೆರೆದಿಟ್ಟೆ. ಬಲಗೈ ಮಾಸ್ಕ್ ಎತ್ತಿತು. ಎಡಗೈಗೆ ಇಟ್ಟಿತು. ಎಡಗೈ ಬಾಯಿಗೆ ಒತ್ತಿ ಹಿಡಿಯಿತು. ಊದಿದೆ. ಮತ್ತೊಮ್ಮೆ. ಮತ್ತೊಮ್ಮೆ. ತಪ್ಪಲಿಲ್ಲ!

ಈ ಬುದ್ಧಿ ನನಗೆ ಹೊಳೆಯಲಿಲ್ಲ. ಅವಳಿಗೆ ಹೊಳೆಯಿತು. ಬರೆದಿಟ್ಟಿದ್ದೇನೆ. ಬಾಯಲ್ಲಿ ಹೇಳಬೇಕಾಗಿಲ್ಲ.

ಮಾರ್ಚ್ 28, ಶುಕ್ರವಾರ

ಕೋಟು ಇಸ್ತ್ರಿ ಮಾಡಿದೆ. ಮತ್ತೊಮ್ಮೆ ಮಾಡಿದೆ.

ಮಾರ್ಚ್ 29, ಶನಿವಾರ, ಮಧ್ಯಾಹ್ನ

ಪಾಸ್!

ಅದೇ ಹಾಲ್, ಅದೇ ಮೇಷ್ಟ್ರು. ಗೊಂಬೆಯ ಗಲ್ಲ ಎತ್ತಿದಾಗ "ಬಾಯಿ ತೆಗೀ—" ತನಕ ಬಂತು, ನುಂಗಿಕೊಂಡೆ. "ಸಹಾಯಕ್ಕೆ ಕೂಗಿ" ಎನ್ನುವುದಕ್ಕೆ ಅವರಿಗೆ ಪುರುಸೊತ್ತೇ ಕೊಡಲಿಲ್ಲ. ಉಕ್ಕುವ ಹಾಲನ್ನು ನೆನೆದು ಕೂಗಿದೆ. ಪಕ್ಕದ ಹಾಲ್‌ನಲ್ಲಿ ಟೈಪಿಂಗ್ ಪರೀಕ್ಷೆ ಬರೆಯುತ್ತಿದ್ದವರು ಎದ್ದು ಬಂದರು. ವಾಚ್‌ಮನ್ ಓಡಿಬಂದರು. ಬಂದವರಿಗೆಲ್ಲ ಕೆಲಸ ಹಚ್ಚಿದೆ — "ನೀವು ಆಂಬುಲೆನ್ಸ್‌ಗೆ ಫೋನ್ ಮಾಡಿ! ನೀವು ಜಾಗ ಬಿಡಿ! ನೀವ್ಯಾಕೆ ನಗ್ತಿದೀರಿ, ಬಾಗಿಲು ಹಿಡ್ಕೊಳ್ಳಿ!" ವಾಚ್‌ಮನ್ ನಿಜಕ್ಕೂ ಫೋನ್ ತೆಗೆದಿದ್ದರು, ಮೇಷ್ಟ್ರು ಹಾರಿ ಹೋಗಿ ತಡೆದರು.

ಒತ್ತಿದೆ. ಬಲಗೈ ಕೊಟ್ಟಿತು, ಎಡಗೈ ತೆಗೆದುಕೊಂಡಿತು. ಊದಿದೆ. ಗೊಂಬೆಯ ಎದೆ ಏರಿತು... ಪ್ಲಾಸ್ಟಿಕ್ ಎದೆ. ಆದರೂ ನನ್ನ ಉಸಿರಿಗೆ ಅದು ಏರಿದ್ದು ಕಂಡು ಕಣ್ಣು ಒದ್ದೆಯಾಯಿತು. ಬೆವರೆಂದು ಒರೆಸಿಕೊಂಡೆ.

ಮೇಷ್ಟ್ರು ಸಹಿ ಹಾಕುತ್ತಾ, "ಅಮ್ಮ, ನಾನು ಎಲ್ಲಾದ್ರೂ ಕುಸಿದು ಬಿದ್ರೆ ನೀವು ಹತ್ರದಲ್ಲಿರಿ" ಎಂದರು.

"ಬೀಳೋ ಮುಂಚೆ ಹಲ್ಲು ತೋರಿಸ್ಕೊಳ್ಳಿ. ಮೇಲಿನ ಸಾಲಲ್ಲಿ ಒಂದು ಹುಳುಕಿದೆ" ಎಂದೆ.

ಹೊರಗೆ ಸೀಟಿ, ರಜೆ ಹಾಕಿ ಬಂದಿದ್ದಳು. ನನಗೆ ಹೇಳಿರಲೇ ಇಲ್ಲ. ನಾನು ಹೆಬ್ಬೆರಳು ಎತ್ತಿದೆ. ಬ್ಯಾಗಿನಿಂದ ಸೀಟಿ ತೆಗೆದು ಊದಿದಳು ನೋಡು — ಬರುತ್ತಿದ್ದ ಬಸ್ಸೇ ನಿಂತಿತು. ಡ್ರೈವರ್ ಬೈದರು. ಜನ ಇಣುಕಿದರು. ನಡುಬೀದಿಯಲ್ಲಿ ಮಾನ ಹೋಯಿತು.

ಹೋಗಲಿ. ಇನ್ನೊಮ್ಮೆ ಊದು ಎಂದೆ.

ಮಾರ್ಚ್ 31, ಸೋಮವಾರ

ಹೊಸ ಲೈಸೆನ್ಸ್ ಬಂತು. ಡಾಕ್ಟರಮ್ಮ ತಾವೇ ಸ್ಟೂಲ್ ಹತ್ತಿ ಫ್ರೇಮ್ ತೂಗುಹಾಕಿದರು. "ಹಾಗಾದ್ರೆ ಕೌಂಟರ್‌ಗೆ ಬೇರೆಯವರನ್ನ ನೋಡ್ಬೇಕು" ಎಂದರು. "ನೋಡಿ. ಎಡಗಡೆ ಸ್ವಲ್ಪ ಕೆಳಗೆ ಬಂದಿದೆ, ಸರಿ ಮಾಡಿ" ಎಂದೆ. ಸರಿ ಮಾಡಿದರು.

ಸಾಹೇಬರು ರೂಟ್ ಕೆನಾಲಿನ ಉಳಿದ ಕೆಲಸಕ್ಕೆ ಬಂದಿದ್ದರು. ಗೋಡೆ ನೋಡಿ, ನನ್ನನ್ನು ನೋಡಿ, "ಅಸಿಸ್ಟೆಂಟ್ ಮೇಡಂ, ಸ್ವಲ್ಪ ನೀರು" ಎಂದರು. ಎರಡು ಲೋಟ ಕೊಟ್ಟೆ.

ಏಪ್ರಿಲ್ 3, ಗುರುವಾರ, ಸಂಜೆ

ಸ್ಪಂಜಪ್ಪನನ್ನು ಬಿಚ್ಚುತ್ತೇನೆ ಎಂದರು ಯಜಮಾನರು. ಬಿಡಲಿಲ್ಲ. ಎರಡು ವರ್ಷಕ್ಕೆ ಮತ್ತೆ ಬೇಕು. ಮೂರನೇ ಸೋಫಾದಲ್ಲಿ ಕೂತಿದ್ದಾನೆ. ಮೈತುಂಬ ಜೀನ್ಸ್, ನೋಡಲು ಗೌರವಸ್ಥ.

ನಿನ್ನೆ ಸೀಟಿ ತರಕಾರಿ ಹೆಚ್ಚುತ್ತಾ ಕೇಳಿದಳು. "ಡಾಕ್ಟರು ಕೇಳೋಕ್ ಮುಂಚೆ ಹೇಗೆ ಕೊಡ್ತೀರಿ ಅತ್ತೆ? ನಂಗೂ ಹೇಳ್ಕೊಡಿ."

ಇದನ್ನು ನನ್ನ ಹತ್ತಿರ ಯಾರೂ ಕೇಳಿರಲಿಲ್ಲ. ಹೇಳಿದೆ — "ಕೈ ನೋಡ್ಬೇಡ, ಕಣ್ಣು ನೋಡು. ಕಣ್ಣು ಮೊದಲು ಹೋಗುತ್ತೆ. ಅದು ಎಲ್ಲಿ ನಿಲ್ಲುತ್ತೋ, ಅಲ್ಲಿರೋದೇ ಮುಂದೆ ಬೇಕಾಗೋದು."

"ಅಷ್ಟೇನಾ?"

"ಅಷ್ಟೇ. ಕಲಿಯೋಕೆ ಹತ್ತು ವರ್ಷ."

ಇವತ್ತು ಜರಡಿ ಕೇಳಲು ಬಾಯಿ ತೆರೆದೆ, ಸೌಟು ಕೊಟ್ಟಳು. ಇರಲಿ. ಕೇಳುವ ಮೊದಲೇ ಕೊಟ್ಟಳಲ್ಲ, ಅದಾಯಿತು. ಹಾಲೂ ಉಕ್ಕಲಿಲ್ಲ. ಹುಡುಗಿ ಕೆಟ್ಟವಳಲ್ಲ. ಇನ್ನು ಮೇಲೆ ಇಲ್ಲಿ ಸೊಸೆ ಎಂದೇ ಬರೆಯಬಹುದೇನೋ ಎಂದು

ಪೆನ್ನು ನಿಂತಿತು. ಗೀಚಿ ನೋಡಿದೆ, ಇಲ್ಲ. ಮೇಜಿನ ಆಚೆಯ ಪೆನ್ನಿನ ಡಬ್ಬಿಯತ್ತ ಒಮ್ಮೆ ನೋಡಿದೆನಷ್ಟೇ, ತಲೆ ಕೂಡ ಎತ್ತಲಿಲ್ಲ. ಅಂಗೈಯಲ್ಲಿ ಈ ನೀಲಿ ಪೆನ್ನು ಬಂದು ಕೂತಿತು. ಮುಚ್ಚಳ ತೆಗೆದು, ಬರೆಯುವ ತುದಿ ಸರಿಯಾದ ಕಡೆಗೆ. ಭೇಷ್!

ಅಂದರೆ ಬೆನ್ನ ಹಿಂದೆ ನಿಂತಿದ್ದಾಳೆ. ಎಷ್ಟು ಹೊತ್ತಿನಿಂದಲೋ...

"ಅತ್ತೆ, ಈ ಸೀಟಿ ಅಂದ್ರೆ ಯಾರು—"