ಪಪ್ಪನ ಬಿಸಿಲುಗಡಿಯಾರದ ದಾರ

ಕದ್ರಿ, ಮಂಗಳೂರು
14-11-2025, ರಾತ್ರಿ 2.10

ಪ್ರೀತಿಯ ಶೆರ್ವಿನಣ್ಣಾ,

ಹೇಗಿದ್ದೀ? ನತಾಶಾ ಅತ್ತಿಗೆಯ ಬೆನ್ನುನೋವು ಕಡಿಮೆಯಾಯಿತಾ? ಫೋನಿನಲ್ಲಾದರೆ ನಾನು ಅಳುತ್ತೇನೆ, ನೀನು ಇಟ್ಟುಬಿಡುತ್ತೀ. ಅದಕ್ಕೇ ಬರೆದು, ಫೋಟೊ ತೆಗೆದು ಅತ್ತಿಗೆಯ ವಾಟ್ಸಾಪ್‌ಗೆ ಹಾಕುತ್ತೇನೆ. ಕುವೈತಿನಲ್ಲಿ ಇನ್ನೂ ಹನ್ನೆರಡಾಗಿಲ್ಲ, ನೀವು ಮಲಗಿರಲಿಕ್ಕಿಲ್ಲ.

ಎರಡು ಗಂಟೆಗೆ ‘ಟಕ್’ ಎಂದು ಸದ್ದಾಗಿ ಎಚ್ಚರವಾಯಿತು. ಪಾಪು ಮಂಚದಿಂದ ಬಿದ್ದಳೆಂದು ಹಾರಿ ಎದ್ದೆ. ಅವಳು ನಿದ್ದೆಯಲ್ಲಿದ್ದಳು. ಸದ್ದು ಪಪ್ಪನ ಕೋಣೆಯದು. ಕತ್ತಲೆಯಲ್ಲಿ ಕೂತು ಆ ಹಿತ್ತಾಳೆ ಡಬ್ಬಿಯ ಮುಚ್ಚಳ ತೆಗೆದು ಹಾಕಿ ಮಾಡುತ್ತಿದ್ದರು. ಅದೇ, ಹಡಗಿನ ಕೆಲಸದಲ್ಲಿದ್ದಾಗ ಯಾವುದೋ ಬಂದರಿನಲ್ಲಿ ಕೊಂಡ, ಹಿಂದಿನ ಪ್ರಯಾಣಿಕರು ಕಿಸೆಯಲ್ಲಿಟ್ಟುಕೊಂಡು ತಿರುಗುತ್ತಿದ್ದ ಬಿಸಿಲುಗಡಿಯಾರ. ಮುಚ್ಚಳ ಎತ್ತಿ ನಿಲ್ಲಿಸಿದರೆ ದಾರ ಬಿಗಿಯಾಗಿ, ಅದರ ನೆರಳು ಗಂಟೆ ತೋರಿಸುತ್ತದಲ್ಲ. ಪಪ್ಪ ಟೆರೇಸಿನಲ್ಲಿ ಅದನ್ನು ಹಿಡಿದು “ಎಂಟಾಯ್ತು, ಸ್ಕೂಲಿಗೆ ಓಡಿ” ಎಂದಾಗ ನೀನು “ಮೋಡ ಬಂದ್ರೆ ರಜೆಯಾ ಪಪ್ಪಾ?” ಎಂದು ತಲೆಗೆ ಕುಟ್ಟಿಸಿಕೊಂಡದ್ದು ನೆನಪುಂಟಾ? ಮುಚ್ಚಳದಲ್ಲಿ ದಾರ ಕಟ್ಟುವ, ಒಂದೊಂದು ಅಕ್ಷಾಂಶಕ್ಕೆ ಒಂದೊಂದಿರುವ ತೂತುಗಳ ಅಂಕಿಯನ್ನು ಬಾಯಿಪಾಠ ಮಾಡಿಸುತ್ತಿದ್ದರು: “ಮಂಗಳೂರಿಗೆ ಹದಿಮೂರು. ಊರು ಬದಲಾದ್ರೆ ದಾರದ ತೂತೂ ಬದಲಾಗ್ಬೇಕು ಮಾರಾಯ, ಇಲ್ಲದಿದ್ರೆ ನೆರಳು ಸುಳ್ಳು ಹೇಳ್ತದೆ.”

ಕಳೆದ ತಿಂಗಳು ಸ್ಟ್ರೋಕ್ ಆಗಿ ಅವರ ಮಾತು ನಿಂತದ್ದನ್ನು ಅತ್ತಿಗೆಗೆ ಬರೆದಿದ್ದೆ. ಅಂದಿನಿಂದ ಆ ದಾರವನ್ನು ಮುಟ್ಟಿ ಮುಟ್ಟಿ ತೋರಿಸುತ್ತಾರೆ. ನಾವು ಗಂಟೆ ಹೇಳುತ್ತೇವೆ. ತಲೆ ಅಲ್ಲಾಡಿಸಿ ಅಳುತ್ತಾರೆ. ನನ್ನ ಗಂಡ ಪಾಪ, ದೊಡ್ಡ ಗೋಡೆ ಗಡಿಯಾರವನ್ನೇ ತಂದು ಎದುರಿಗೆ ತೂಗುಹಾಕಿದರು. ಪಪ್ಪ ಅದಕ್ಕೆ ಬೆನ್ನು ಹಾಕಿ ಮಲಗುತ್ತಾರೆ.

ಬೆಳಗ್ಗೆ ಆರಕ್ಕೆ ಅವರನ್ನು ಕುತ್ತಿಗೆಯ ರಕ್ತನಾಳದ ಆಪರೇಶನ್ನಿಗೆ ಕರೆದೊಯ್ಯಬೇಕು. ಏಳುತ್ತಾರೆಂದು ಡಾಕ್ಟರು ಮಾತು ಕೊಡಲಿಲ್ಲ. ಮಮ್ಮಿ ತೀರಿಕೊಂಡಾಗ ಮಣ್ಣಿಗೆ ನೀನು ಬರಲಿಲ್ಲವೆಂದು ನಾಲ್ಕು ವರ್ಷದ ಹಿಂದೆ ಪಪ್ಪ “ಇನ್ನು ಈ ಮನೆಗೆ ಫೋನ್ ಮಾಡ್ಬೇಡ” ಎಂದರು. ಚಿಕ್ಕಂದಿನಿಂದ ಅವರ ಒಂದು ಮಾತೂ ಕೇಳದವನು, ಅದೊಂದನ್ನು ಕೇಳಿದೆಯಲ್ಲ.

ಅತ್ತಿಗೆಗೆ ನನ್ನ ನೆನಪು ಹೇಳು. ನೀನಿನ್ನೂ ನೋಡದ ಪಾಪುವಿನಿಂದ ಒಂದು ಮುತ್ತು. ದೇವರು ನಿಮ್ಮನ್ನು ಕಾಯಲಿ.

ನಿನ್ನ ತಂಗಿ,
ಏವ್ರಿಲ್

ತಾ.ಕ.: ಡಬ್ಬಿ ತೆಗೆದಿಡಲು ಹೋಗಿ ಈಗಷ್ಟೇ ನೋಡಿದೆ. ದಾರ ಹದಿಮೂರರಲ್ಲಿ ಇಲ್ಲ ಅಣ್ಣಾ, ಇಪ್ಪತ್ತೊಂಬತ್ತರಲ್ಲಿ ಉಂಟು. ಕುವೈತಿನ ತೂತು. ಗಂಟು ಬೆವರಿಗೆ ಕಪ್ಪಾಗಿದೆ, ವರ್ಷಗಳ ಹಳೆಯದು. ಗಂಟೆ ತಪ್ಪು ತೋರಿಸುತ್ತದೆ, ಪಪ್ಪನ ಗಡಿಯಾರ ಕೆಟ್ಟಿದೆ ಎಂದು ನಾವು ಇಷ್ಟು ದಿನ ನಗಾಡಿದೆವು. “ಶೆರ್ವಿನಾ?” ಎಂದು ಕೇಳಿದೆ. ಪಪ್ಪ ನನ್ನ ಕೈ ಹಿಡಿದರು, ಇನ್ನೂ ಬಿಟ್ಟಿಲ್ಲ, ಒಂದೇ ಕೈಯಲ್ಲಿ ಬರೆಯುತ್ತಿದ್ದೇನೆ. ಮಾತು ಬರುವುದಿಲ್ಲ, ಆದರೆ ಕಿವಿ ಕೇಳುತ್ತದೆ. ಎಂತ ಬೇಕಾದರೂ ಹೇಳು, ಬೈದರೂ ಆಯಿತು, ಫೋನನ್ನು ಅವರ ಕಿವಿಗೆ ನಾನು ಹಿಡಿಯುತ್ತೇನೆ. ಇಲ್ಲಿ ಆರಾಗುವ ಮೊದಲು ಫೋನ್ ಮಾಡು ಅಣ್ಣಾ, ಬೆಳಗಾಗುವ ಮೊದಲು ಮಾಡು.