ಐದನೇ ರೌಂಡ್

ಬಿ.ಸಿ. ರೋಡ್
೧೧-೦೨-೨೦೨೫, ಮಂಗಳವಾರ

ಪ್ರೀತಿಯ ಮಗಳು ಸಾತ್ವಿಕಾಳಿಗೆ,

ಹೇಗಿದ್ದಿ ಮಗಾ? ಊಟ ಸೇರುತ್ತದಾ? ನಿದ್ರೆ ಬರುತ್ತದಾ? ನಾರಾವಿಗೆ ಫೋನ್ ಮಾಡಿದಾಗಲೆಲ್ಲ ನಿನ್ನ ದೊಡ್ಡಮ್ಮ "ಆರಾಮ ಇದ್ದಾಳೆ, ಕೋಳಿಗೆ ಅಕ್ಕಿ ಹಾಕ್ತಾ ಇದ್ದಾಳೆ" ಎನ್ನುತ್ತಾರೆ. ನಾಲ್ಕು ತಿಂಗಳಿಂದ ಇದೊಂದೇ ಉತ್ತರ. ಅಷ್ಟು ಅಕ್ಕಿ ತಿಂದ ಕೋಳಿ ಇಷ್ಟರಲ್ಲಿ ಆನೆಯಷ್ಟಾಗಿರಬೇಕು. ನನ್ನ ಫೋನನ್ನು ನೀನು ಎತ್ತುವುದಿಲ್ಲ, ಅದಕ್ಕೆ ನನ್ನ ತಕರಾರಿಲ್ಲ. ಕಾಗದವಾದರೆ ಓದಿಯಾಳು ಎಂದು ದೊಡ್ಡಮ್ಮನೇ ಹೇಳಿದ್ದರಿಂದ ಬರೆಯುತ್ತಿದ್ದೇನೆ. ನನ್ನ ಶುಗರ್ ಹತೋಟಿಯಲ್ಲಿ ಉಂಟು. ಸೊಂಟ ಮಾತ್ರ ಹಿಡಿದುಕೊಂಡಿದೆ. ವಾರಕ್ಕೆ ಎರಡು ದಿನ ಮರದ ಬೆಂಚಿನ ಮೇಲೆ ಆರಾರು ಗಂಟೆ ಕೂತರೆ ಅರುವತ್ತೆರಡರ ಸೊಂಟ ಮತ್ತೇನು ಮಾಡುತ್ತದೆ?

ಯಾವ ಬೆಂಚು ಎಂದು ಕೇಳುತ್ತಿ. ನಿನ್ನ ಕಾಲೇಜಿನದ್ದು. ಜನವರಿ ಮೊದಲ ವಾರದಿಂದ ಪ್ರತಿ ಸೋಮವಾರ, ಗುರುವಾರ ನಾನು ಮೂಡುಬಿದಿರೆಗೆ ಹೋಗುತ್ತಿದ್ದೇನೆ. ಎಂಟೂ ಹತ್ತರ ಬಸ್ಸು. ಸಿದ್ದಕಟ್ಟೆಯಲ್ಲಿ ಏಳು ನಿಮಿಷ ಸುಮ್ಮನೆ ನಿಲ್ಲಿಸುತ್ತಾರೆ. ನಾನು ಬಸ್ ಸ್ಟ್ಯಾಂಡಿನಲ್ಲಿ ಟೈಂಕೀಪರ್ ಆಗಿದ್ದ ಮೂವತ್ತೊಂದು ವರ್ಷದಲ್ಲಿ ಯಾವನಾದರೂ ಹಾಗೆ ನಿಲ್ಲಿಸಿದ್ದರೆ ಮರುದಿನ ಅವನ ಟ್ರಿಪ್ಪೇ ಕಟ್. ಅದಿರಲಿ. ಗೇಟಿನಲ್ಲಿ ವಾಚ್‌ಮ್ಯಾನ್ ಪುಸ್ತಕ ಕೊಡುತ್ತಾನೆ. ಹೆಸರು, ಊರು, ಭೇಟಿಯ ಉದ್ದೇಶ. ಉದ್ದೇಶ ಎಂಬಲ್ಲಿ ದಪ್ಪ ಅಕ್ಷರದಲ್ಲಿ 'ಕೌನ್ಸೆಲಿಂಗ್' ಎಂದು ಬರೆದು ಒಳಗೆ ಹೋಗುತ್ತೇನೆ. ನೀನು ಹೋಗುತ್ತಿದ್ದ ಆ ಕೋಣೆಗೆ ಅಕ್ಟೋಬರಿನಿಂದ ಬೀಗ. ಬೋರ್ಡು ಮಾತ್ರ ಹಾಗೆಯೇ ಉಂಟು, 'ಆಪ್ತ ಸಮಾಲೋಚನಾ ಕೇಂದ್ರ, ನಿಮ್ಮ ಮಾತು ನಮ್ಮಲ್ಲಿ ಭದ್ರ' ಎಂದು. ಅದರ ಅಡಿಯ ಬೆಂಚಿನಲ್ಲಿ ಫ್ಲಾಸ್ಕು, ಪೇಪರು ಇಟ್ಟುಕೊಂಡು ಹತ್ತರಿಂದ ನಾಲ್ಕರವರೆಗೆ ಕೂರುತ್ತೇನೆ. ವಿದ್ಯಾರ್ಥಿ ಕ್ಷೇಮಾಧಿಕಾರಿ ಎಂಬ ಪದವಿ ಹೊತ್ತ ಶಶಿಕಿರಣ ತನ್ನ ಕೋಣೆಗೆ ಹೋಗಬೇಕಾದರೆ ನನ್ನ ಮೊಣಕಾಲು ದಾಟಿಯೇ ಹೋಗಬೇಕು. ನಾನು ವಾಚು ನೋಡಿ, ಅವನು ಎಷ್ಟು ಗಂಟೆಗೆ ಬಂದ, ಎಷ್ಟು ಗಂಟೆಗೆ ಚಹಾಕ್ಕೆ ಎದ್ದ, ಎಲ್ಲವನ್ನೂ ಅವನ ಕಣ್ಣೆದುರಿಗೇ ಡೈರಿಯಲ್ಲಿ ಬರೆದುಕೊಳ್ಳುತ್ತೇನೆ. ಮೊದಲ ವಾರ ಅವನು ನಕ್ಕ. ಎರಡನೇ ವಾರ "ಏನು ಭೋಜರೇ, ಮನೆಯಲ್ಲಿ ಕೆಲಸ ಇಲ್ವಾ?" ಎಂದ. "ಉಂಟು. ಇಲ್ಲಿ ಸ್ವಲ್ಪ ಹೆಚ್ಚು ಉಂಟು" ಎಂದೆ. ಮೂರನೇ ವಾರದಿಂದ ಕ್ಯಾಂಟೀನಿನ ಹಿಂದಿನಿಂದ ಸುತ್ತು ಹಾಕಿ ಹೋಗುತ್ತಿದ್ದಾನೆ. ಅಲ್ಲಿ ಪಾತ್ರೆ ತೊಳೆದ ನೀರಿನ ಕೆಸರು. ಅವನ ಪಾಲಿಶ್ ಹಾಕಿದ ಬೂಟಿಗೆ ಕೆಸರು ಮೆತ್ತಿದ್ದು ನೋಡಿದ ದಿನ ಒಂದು ತುತ್ತು ಹೆಚ್ಚು ಉಂಡಿದ್ದೇನೆ. ಸುಳ್ಳು ಯಾಕೆ ಹೇಳಲಿ?

ಈಗ ನಿನಗೆ ಗೊತ್ತಿಲ್ಲದ ವಿಷಯಕ್ಕೆ ಬರುತ್ತೇನೆ. ಸೆಪ್ಟೆಂಬರಿನಲ್ಲಿ ನೀನು ಹಾಸ್ಟೆಲಿನಿಂದ ಫೋನ್ ಮಾಡಿ "ಅಪ್ಪ, ನಾನು ಕೌನ್ಸೆಲಿಂಗಿಗೆ ಹೋಗ್ತಾ ಇದ್ದೇನೆ" ಎಂದೆಯಲ್ಲ, ಆ ಶಬ್ದಕ್ಕೆ ನನ್ನ ತಲೆಯಲ್ಲಿ ಇದ್ದದ್ದು ಒಂದೇ ಅರ್ಥ. ನಿನ್ನ ಅಣ್ಣ ಶೋಧನ್‌ನ ಇಂಜಿನಿಯರಿಂಗಿಗೆ ನಾನು ಎಷ್ಟು ಓಡಾಡಿದ್ದೇನೆ! ಸಿಇಟಿ ಆದ ಮೇಲೆ ಆಪ್ಷನ್ ಎಂಟ್ರಿ, ಮಾರ್ಕ್ಸ್ ಕಾರ್ಡಿನ ಕಟ್ಟು, ಫಸ್ಟ್ ರೌಂಡ್, ಸೆಕೆಂಡ್ ರೌಂಡ್. ಅದಕ್ಕೆ ಊರಿಗೆ ಊರೇ ಕೌನ್ಸೆಲಿಂಗ್ ಎನ್ನುತ್ತದೆ. ಹಾಗಾಗಿ ನೀನು ನನಗೆ ತಿಳಿಸದೆ ಬೇರೆ ಕಾಲೇಜಿಗೆ ಸೀಟು ನೋಡುತ್ತಿದ್ದಿ ಎಂದುಕೊಂಡೆ. "ಎಷ್ಟನೇ ರೌಂಡ್?" ಎಂದು ಕೇಳಿದೆ. ನೀನು "ಐದು ಸಲ ಆಯ್ತು" ಎಂದಿ. "ಐದನೇ ರೌಂಡಿನಲ್ಲಿ ಯಾವ ಸೀಟು ಸಿಗ್ತದೆ ಮಾರಾಯ್ತಿ? ಯಾರಿಗೂ ಬೇಡದ್ದು ಉಳಿದಿರ್ತದೆ, ಅಷ್ಟೇ" ಎಂದು ನಾನು ಬೈದೆ. ನೀನು ಫೋನ್ ಇಟ್ಟಿ. ಅಮ್ಮ ತೀರಿಹೋದ ಮೇಲೆ ಮೊದಲ ಬಾರಿ ನೀನಾಗಿ ಬಾಯಿ ಬಿಟ್ಟದ್ದು ಅದು ಎಂದು ನನಗೆ ತಿಳಿಯುವಾಗ ತುಂಬ ತಡವಾಗಿತ್ತು.

ಅಷ್ಟಕ್ಕೇ ನಿಲ್ಲಿಸಿದ್ದರೆ ಬದುಕುತ್ತಿದ್ದೆವು. ಮರುದಿನ ಕಾಲೇಜಿಗೆ ಫೋನ್ ಹಚ್ಚಿದೆ. ಎತ್ತಿದ್ದು ಶಶಿಕಿರಣ. ಬಿ.ಎ. ಎರಡನೇ ವರ್ಷದವರೆಗೆ ಓದಿದವನಲ್ಲವೇ ನಾನು, ಇಂಗ್ಲಿಷಿನಲ್ಲೇ ಹೇಳಿದೆ: ಮೈ ಡಾಟರ್ ಈಸ್ ಅಟೆಂಡಿಂಗ್ ಕೌನ್ಸೆಲಿಂಗ್ ವಿದೌಟ್ ಮೈ ಪರ್ಮಿಶನ್, ಕೈಂಡ್ಲಿ ಸ್ಟಾಪ್ ವಿತ್ ಇಮ್ಮೀಡಿಯೆಟ್ ಎಫೆಕ್ಟ್. ವಾಕ್ಯದಲ್ಲಿ ಒಂದೂ ತಪ್ಪಿರಲಿಲ್ಲ. ಅದೇ ತಪ್ಪಾಯಿತು. ಪೇರೆಂಟ್ ಕಂಪ್ಲೇಂಟ್ ಬಂದಿದೆ ಎಂದು ಅವನು, ಆ ಕೋಣೆಯಲ್ಲಿ ನಿನ್ನ ಮಾತು ಕೇಳುತ್ತಿದ್ದ ಶರಣ್ಯಾ ಟೀಚರಲ್ಲಿ ನಿನ್ನ ಫೈಲು ಕೇಳಿದ. ಅವರು ಕೊಡಲಿಲ್ಲ. ಅವರು ಬಾರದ ದಿನ ನೋಡಿ, ಅಟೆಂಡರ್ ತುಕ್ರಪ್ಪನ ಕೈಯಲ್ಲಿ ಕಪಾಟಿನ ಬೀಗ ತೆಗೆಸಿದ. ಆಮೇಲಿನದ್ದು ನಿನಗೇ ಗೊತ್ತು. ಇಬ್ಬರು ಲೆಕ್ಚರರುಗಳ ಎದುರು ನಿನ್ನನ್ನು ನಿಲ್ಲಿಸಿ ಓದಿದ್ದು, ನೀನು ಸಂಜೆ ಸಂಜೆ ಅಮ್ಮನ ನಂಬರಿಗೆ ಫೋನ್ ಮಾಡುವ ವಿಷಯ ಮೆಸ್ಸಿನ ತನಕ ಹೋದದ್ದು, ಆ ಹುಡುಗಿಯರು ಸ್ಟೀಲ್ ಲೋಟ ಕಿವಿಗಿಟ್ಟು "ಹಲೋ ಅಮ್ಮಾ" ಎಂದದ್ದು. ಅಮ್ಮನ ಆ ಫೋನು ಇಲ್ಲಿ ಕಪಾಟಿನಲ್ಲೇ ಉಂಟು ಮಗಾ, ಚಾರ್ಜಿಲ್ಲದೆ ಬಿದ್ದಿದೆ. ಅದಕ್ಕೆ ಯಾರಾದರೂ ಕರೆ ಮಾಡುತ್ತಿರಬಹುದು ಎಂದು ನನಗೆ ಹೊಳೆಯಲೇ ಇಲ್ಲ.

ನೀನು ಬ್ಯಾಗು ಹಿಡಿದು ನಾರಾವಿಗೆ ಹೋದಿ. ಬಾಯಿಬಿಟ್ಟದ್ದು ಶರಣ್ಯಾ ಟೀಚರೇ ಎಂದು ನೀನು ದೊಡ್ಡಮ್ಮನಲ್ಲಿ ಅತ್ತಿ. ಅದನ್ನು ಕೇಳಿ ನಾನು ಕೂತು, ವಿತ್ ಡ್ಯೂ ರೆಸ್ಪೆಕ್ಟ್ ಐ ಬೆಗ್ ಟು ಸ್ಟೇಟ್ ಎಂದು ಶುರು ಮಾಡಿ ಮೂರು ಪುಟ ದೂರು ಬರೆದೆ, ಆ ಟೀಚರ ಮೇಲೆ. ಶಶಿಕಿರಣ ಅದನ್ನು ಕಣ್ಣಿಗೊತ್ತಿಕೊಂಡಿರಬೇಕು. ಹತ್ತು ದಿನದೊಳಗೆ ಟೀಚರನ್ನು ಕೆಲಸದಿಂದ ಬಿಡಿಸಿದರು. ಡಿಸೆಂಬರಿನಲ್ಲಿ ಒಂದು ದಿನ ತುಕ್ರಪ್ಪ ಇಲ್ಲಿ ಬಸ್ ಸ್ಟ್ಯಾಂಡಿನಲ್ಲಿ ಸಿಕ್ಕಿ, ನನ್ನ ಮುಖ ನೋಡದೆ ಹೇಳಿದ: "ಭೋಜಣ್ಣ, ಟೀಚರ್ ಏನೂ ಹೇಳ್ಲಿಲ್ಲ. ಬೀಗ ತೆಗ್ದದ್ದು ನಾನು. ಸಾಹೇಬ್ರು ತೆಗಿ ಅಂದ್ರು. ಹುಡುಗಿಯ ತಂದೆಯೇ ಫೋನ್ ಮಾಡಿದ್ದಾರೆ ಅಂದ್ರು, ನಾನು ಎಂತ ಸಾವು ಮಾಡುವುದು?" ಅಲ್ಲಿ ನಿಂತವನಿಗೆ ನಾಲ್ಕು ಬಸ್ಸು ಹೋದದ್ದು ಗೊತ್ತಾಗಲಿಲ್ಲ. ನಾನು, ಬಸ್ಸು ಹೋದದ್ದು ಗೊತ್ತಾಗದವ!

ಮರುವಾರ ಬೆಳ್ತಂಗಡಿಗೆ ಹೋಗಿ ಆ ಟೀಚರನ್ನು ಹುಡುಕಿದೆ. ಈಗ ಒಬ್ಬ ಡಾಕ್ಟರ ಕ್ಲಿನಿಕ್ಕಿನಲ್ಲಿ ವಾರಕ್ಕೆ ಮೂರು ದಿನ ಕೂರುತ್ತಾರೆ. ಸಣ್ಣ ಪ್ರಾಯ, ನಿನಗಿಂತ ಏಳೆಂಟು ವರ್ಷಕ್ಕೆ ದೊಡ್ಡವರು ಅಷ್ಟೇ. ತಪ್ಪಾಯಿತು ಎಂದೆ. ಅಳುತ್ತಾರೋ ಬೈಯುತ್ತಾರೋ ಎಂದು ಎರಡಕ್ಕೂ ತಯಾರಾಗಿ ಹೋಗಿದ್ದೆ. ಅವರು ನೀರು ಕೊಟ್ಟರು. ಹಾಗಾದರೆ ನನ್ನ ಮಗಳು ನಿಮ್ಮಲ್ಲಿ ಏನು ಹೇಳುತ್ತಿದ್ದಳು, ಎಷ್ಟು ಕಷ್ಟದಲ್ಲಿದ್ದಳು, ತಂದೆಗೆ ಅದನ್ನಾದರೂ ಹೇಳಿ ಎಂದೆ. "ಅದನ್ನು ನಾನು ಹೇಳುವ ಹಾಗಿಲ್ಲ ಸರ್" ಎಂದರು. ನನಗೆ ಸಿಟ್ಟೇ ಬಂತು. ಕೆಲಸ ಹೋದ ಮೇಲೂ ಈ ಹೆಂಗಸು ಬಾಯಿ ಬಿಡುವುದಿಲ್ಲವಲ್ಲ ಎಂದು. ಬಸ್ಸಿನಲ್ಲಿ ಗುರುವಾಯನಕೆರೆ ದಾಟಿದ ಮೇಲೆ ಆ ಸಿಟ್ಟು ತಿರುಗಿ ಬೇರೆ ಕಡೆ ಹೋಯಿತು. ಇಂಥವರನ್ನು ನನ್ನ ಕೈಯಿಂದಲೇ ಹೊಡೆಸಿದನಲ್ಲ ಆ ಶಶಿಕಿರಣ! ನನ್ನ ಮಗಳ ಗುಟ್ಟು ಓದಿದ್ದು ಒಂದು, ನನ್ನನ್ನು ಕೋಲು ಮಾಡಿಕೊಂಡದ್ದು ಇನ್ನೊಂದು. ಅವತ್ತೇ ನಿಶ್ಚಯ ಮಾಡಿದೆ. ಅವನ ಕುರ್ಚಿ ಹೋಗಬೇಕು. ಹೋಗುವುದನ್ನು ನಾನು ಕೂತು ನೋಡಬೇಕು. ಬೆಂಚಿನ ಕಥೆ ಶುರುವಾದದ್ದು ಹಾಗೆ.

ಬೆಂಚಿನಲ್ಲಿ ಕೂತ ಮೇಲೆ ನಾನು ಎಣಿಸದ ಒಂದು ವಿಷಯ ಆಯಿತು. ಮಕ್ಕಳು ಬರುತ್ತಾರೆ. ಬೀಗ ನೋಡುತ್ತಾರೆ, ಆಚೆ ಈಚೆ ನೋಡುತ್ತಾರೆ, ಆಮೇಲೆ "ಅಂಕಲ್, ಟೀಚರ್ ಇನ್ನು ಯಾವಾಗ ಬರ್ತಾರೆ?" ಎಂದು ಮೆಲ್ಲ ಕೇಳುತ್ತಾರೆ. ಒಬ್ಬಳಂತೂ ಏನೂ ಕೇಳದೆ ಬೆಂಚಿನ ತುದಿಯಲ್ಲಿ ಒಂದು ಪೀರಿಯಡ್ ಇಡೀ ಕೂತು ಎದ್ದು ಹೋದಳು. ನಿನ್ನೆಯವರೆಗೆ ಹದಿನೇಳು ಮಂದಿ. ಹೆಸರು ಕೇಳಲಿಲ್ಲ, ಗೀಟು ಮಾತ್ರ ಹಾಕಿದ್ದೇನೆ. ಇದು ಒಬ್ಬರ ಬಾಯಿಂದ ಒಬ್ಬರಿಗೆ ಹೋಗಿ ಆಡಳಿತ ಮಂಡಳಿಯವರ ಕಿವಿಗೂ ಬಿತ್ತು. ಹೋದ ವಾರ ಅವರಲ್ಲಿ ಒಬ್ಬರು ಬೆಂಚಿನ ಬಳಿಗೇ ಬಂದು ವಿಚಾರಿಸಿದರು. ಶಶಿಕಿರಣ ಓಡಿ ಬಂದು, ಹತ್ತು ಮಂದಿಗೆ ಕೇಳುವ ಹಾಗೆ "ಸರ್, ಕೌನ್ಸೆಲಿಂಗ್ ನಿಲ್ಲಿಸಿ ಎಂದು ಫೋನ್ ಮಾಡಿದ್ದೇ ಈ ಜನ" ಎಂದ. ನಾನು ಇದಕ್ಕೆಂದೇ ಇಂಗ್ಲಿಷಿನಲ್ಲಿ ಅರ್ಧ ಪುಟ ಬಾಯಿಪಾಠ ಮಾಡಿ ಇಟ್ಟುಕೊಂಡಿದ್ದೆ. ಬ್ರೀಚ್ ಆಫ್ ಎನ್ನುವವರೆಗೆ ಬಂತು, ಮುಂದೆ ಬರಲಿಲ್ಲ. "ಹೌದು, ನಿಲ್ಲಿಸಿ ಅಂದೆ. ಓದಿ ಅನ್ನಲಿಲ್ಲ" ಎಂದೆ. ಶಶಿಕಿರಣನ ಮುಖ ಸುಣ್ಣದ ಹಾಗಾಯಿತು. ಆ ಬಣ್ಣ ನಾನು ಸಾಯುವವರೆಗೆ ಮರೆಯುವುದಿಲ್ಲ.

ಈಗ ಮೂವರ ಸಮಿತಿ ಮಾಡಿದ್ದಾರೆ. ಬರುವ ಶುಕ್ರವಾರ ಹನ್ನೊಂದು ಗಂಟೆಗೆ ವಿಚಾರಣೆ. ಫೈಲು ಎಂಬುದೇ ಇರಲಿಲ್ಲ, ನಾನು ಏನನ್ನೂ ಓದಿಲ್ಲ ಎಂದು ಶಶಿಕಿರಣ ಬರೆದು ಕೊಟ್ಟಿದ್ದಾನಂತೆ. ತುಕ್ರಪ್ಪನಿಗೆ ರಿಟೈರಾಗಲು ಎರಡು ವರ್ಷ, ಅವನು ಎದುರು ನಿಂತು ಸಾಕ್ಷಿ ಹೇಳಲಾರ. ಆದರೆ ಶನಿವಾರ ಪೇಪರಿನಲ್ಲಿ ಸುತ್ತಿ ಒಂದು ಕಟ್ಟು ತಂದು ನನ್ನ ಕೈಯಲ್ಲಿಟ್ಟ. ನಿನ್ನ ಫೈಲು, ಶಶಿಕಿರಣನ ಡ್ರಾಯರಿನಿಂದ. ಅದರಲ್ಲಿ ಅವನು ಕೆಂಪು ಪೆನ್ನಿನಿಂದ ಗೀಟು ಎಳೆದಿದ್ದಾನಂತೆ, ಅಂಚಿನಲ್ಲಿ ಅವನದೇ ಅಕ್ಷರ ಉಂಟಂತೆ. ನಾನು ಬಿಚ್ಚಿ ನೋಡಲಿಲ್ಲ. ಇದಕ್ಕಿಂತ ದೊಡ್ಡ ಸಾಕ್ಷಿ ಬೇಕಾ? ಮೇಜಿನ ಮೇಲೆ ಇಟ್ಟರೆ ಅವನ ಕಥೆ ಮುಗಿಯಿತು, ಶರಣ್ಯಾ ಟೀಚರ ಹೆಸರೂ ಚೊಕ್ಕ ಆಗುತ್ತದೆ. ಸಮಿತಿಯ ಮೂವರಿಗೂ ಒಂದೊಂದು ಪ್ರತಿ ಕೊಡಬೇಕು, ಈಗಲೇ ಜೆರಾಕ್ಸಿಗೆ ಹೊರಡುತ್ತೇನೆ. ನಿನ್ನಿಂದ ಒಂದೇ ಉಪಕಾರ. ಜೊತೆಗಿಟ್ಟ ಕಾಗದದಲ್ಲಿ ಪೆನ್ಸಿಲಿನಿಂದ ಗುರುತು ಹಾಕಿದ ಜಾಗದಲ್ಲಿ ಸಹಿ ಮಾಡು. 'ನನ್ನ ಫೈಲನ್ನು ಸಮಿತಿಯವರು ಓದಲು ಒಪ್ಪಿಗೆ ಉಂಟು' ಎಂದು ನಾನೇ ಬರೆದಿದ್ದೇನೆ.

ನನ್ನನ್ನು ಕ್ಷಮಿಸು ಎಂದು ಕೇಳುವುದಿಲ್ಲ, ಅದು ನಿನ್ನ ಪುರುಸೊತ್ತಿಗೆ ಬಿಟ್ಟದ್ದು. ಹೊಟ್ಟೆ ಖಾಲಿ ಇಡಬೇಡ. ದೊಡ್ಡಮ್ಮನಿಗೆ ನಮಸ್ಕಾರ ಹೇಳು, ಆನೆಯಷ್ಟಾದ ಕೋಳಿಯನ್ನೂ ಕೇಳಿದೆನೆಂದು ಹೇಳು. ನಿನ್ನ ಅಮ್ಮ ಇದ್ದಿದ್ದರೆ ನಿನಗೆ ಯಾವ ಮಾತು ಹೇಳಿ ಹರಸುತ್ತಿದ್ದಳೋ ಆ ಮಾತು ನನಗೆ ಬರುವುದಿಲ್ಲ. ಅವಳು ಹೇಳಿದಳು ಎಂದೇ ತಿಳಿದುಕೋ.

ಇತಿ ನಿನ್ನ ಅಪ್ಪ,
ಭೋಜ

ಮರೆತ ಮಾತು: ಜೆರಾಕ್ಸಿಗೆ ಹೋಗಿ ಬಂದೆ. ಈ ಕಾಗದವನ್ನು ಇವತ್ತೇ ನಾರಾವಿಗೆ ಮುಟ್ಟಿಸಲು ಎರಡೂ ನಲ್ವತ್ತರ ಬಸ್ಸಿನ ಕಂಡಕ್ಟರ್ ಉಮ್ಮರ್ ಕೆಳಗೆ ಕಾಯುತ್ತಿದ್ದಾನೆ, ಅದಕ್ಕೆ ಅವಸರದಲ್ಲಿ ಬರೆಯುತ್ತಿದ್ದೇನೆ. ಸುಲೈಮಾನನ ಅಂಗಡಿಯಲ್ಲಿ ನನ್ನ ಹಿಂದೆ ನಾಲ್ಕು ಮಂದಿ ಸಾಲು. ಅವನು ಕಟ್ಟು ಬಿಚ್ಚಿ ಮೊದಲ ಹಾಳೆ ಎತ್ತಿ, "ಅಕ್ಷರ ಮುತ್ತಿನ ಹಾಗೆ ಉಂಟಲ್ಲ ಭೋಜಣ್ಣ, ಮಗಳದ್ದಾ?" ಎಂದ. ಪಾಪ, ಅವನು ಹೊಗಳಿದ್ದೇ. ಆದರೆ ಹಿಂದಿನವರು ಬಗ್ಗಿ ನೋಡಿದರು. ಅವನು ಅದನ್ನು ಗಾಜಿನ ಮೇಲೆ ಇಟ್ಟು ಬಟನ್ ಒತ್ತುವುದೂ ನಾನು ಹಾಳೆಯ ಅಡಿಗೆ ಕೈ ತೂರಿಸುವುದೂ ಒಟ್ಟಿಗೇ ಆಯಿತು. ಬೆಳಕು ನನ್ನ ಕೈಯ ಅಡಿಯಲ್ಲಿ ಹಾದುಹೋಯಿತು. ಹೊರಗೆ ಬಂದದ್ದು ನನ್ನ ಅಂಗೈಯ ಪ್ರತಿ. "ಎಂತ ಭೋಜಣ್ಣ, ಭವಿಷ್ಯ ನೋಡ್ಸಲಿಕ್ಕಾ?" ಎಂದು ಎಲ್ಲರೂ ನಕ್ಕರು. ಶಶಿಕಿರಣ ಬೀಗ ತೆಗೆಸಿ ಇಬ್ಬರಿಗೆ ಓದಿದ, ನಾನು ಮೂವರಿಗೆ ಪ್ರತಿ ತೆಗೆದು ಹಂಚಲು ಹೊರಟಿದ್ದೆ. ಫೈಲನ್ನು ಪುನಃ ಕಟ್ಟಿ ತಂದಿದ್ದೇನೆ. ಸಹಿ ಹಾಕು ಎಂದ ಆ ಕಾಗದ ಲಕೋಟೆಯಲ್ಲಿ ಇಲ್ಲ, ಹುಡುಕಬೇಡ, ಹರಿದಿದ್ದೇನೆ. ನಾಳೆ ಬುಧವಾರ ಹನ್ನೊಂದು ಗಂಟೆಗೆ ನಾರಾವಿ ಬಸ್ ಸ್ಟ್ಯಾಂಡಿನಲ್ಲಿ ಫೈಲು ಹಿಡಿದು ನಿಂತಿರುತ್ತೇನೆ. ದೊಡ್ಡಮ್ಮನ ಕೈಯಲ್ಲಿ ಕೊಡುವುದಿಲ್ಲ, ನಿನ್ನ ಕೈಯಲ್ಲೇ. ಮಾತಾಡಬೇಕೆಂದಿಲ್ಲ, ತೆಗೆದುಕೊಂಡು ಹೋದರೆ ಸಾಕು. ಶುಕ್ರವಾರ ಅದನ್ನು ನೀನೇ ಮೇಜಿನ ಮೇಲೆ ಇಡುವುದಾದರೆ ಇಡು, ನಿನ್ನ ಹಿಂದೆ ನಿಲ್ಲುತ್ತೇನೆ. ಸುಡುವುದಾದರೆ ಸುಡು. ಆಗ ಶಶಿಕಿರಣ ತಪ್ಪಿಸಿಕೊಳ್ಳುತ್ತಾನೆ, ನನ್ನ ಹೊಟ್ಟೆ ಉರಿಯುತ್ತದೆ, ಉರಿಯಲಿ. ಟೀಚರ ಹೆಸರು ಚೊಕ್ಕ ಮಾಡಲು ನನ್ನ ದೂರೇ ಸುಳ್ಳು ಎಂದು ಬರೆದು ಕೊಡುತ್ತೇನೆ, ಅದಕ್ಕೆ ನಿನ್ನ ಫೈಲು ಬೇಡ. ಬೆಂಕಿಪೆಟ್ಟಿಗೆಯನ್ನು ಮಾತ್ರ ದೊಡ್ಡಮ್ಮನಲ್ಲಿ ಕೇಳಬೇಡ, ಯಾಕೆ ಎಂತಕ್ಕೆ ಎಂದು ನೂರು ಪ್ರಶ್ನೆ ಕೇಳಿಯಾರು. ಅದನ್ನೂ ನಾನೇ ತರುತ್ತೇನೆ.