ಕಾರ್ಡು ಹಾಕಿದಾಗ ಕೇಳುವ ದನಿ

ಮನೆಯಿಂದ,
ಮಾರ್ಚ್ ೧೨, ಗುರುವಾರ ಮಧ್ಯಾಹ್ನ

ಪ್ರೀತಿಯ ನಿಮಗೆ,

‘ರೀ’ ಎಂದು ಕರೆದೇ ಅಭ್ಯಾಸ. ಕಾಗದದ ಮೇಲೆ ಹಾಗೆ ಬರೆದರೆ ಅಡುಗೆಮನೆಯಿಂದ ಕೂಗಿದಂತೆ ಕಾಣುತ್ತದೆಂದು ಹೀಗೆ ಶುರು ಮಾಡಿದ್ದೇನೆ, ನಗಬೇಡಿ. ಹೇಗಿದ್ದೀರಿ? ಸೊಂಟನೋವು ಕಡಿಮೆಯಾಯಿತೇ? ಎಂಜಿನ್ ಕೋಣೆಯಿಂದ ಬೆವರಿಕೊಂಡೇ ಮೇಲೆ ಬಂದು ಗಾಳಿಗೆ ನಿಲ್ಲಬೇಡಿ. ಹಡಗು ಬಂದರು ಬಿಟ್ಟ ಮೇಲೆ ನಿಮ್ಮಿಂದ ಒಂದು ಫೋನೂ ಇಲ್ಲ. ಕಂಪನಿಯವರನ್ನು ಕೇಳಿದರೆ, “ನಡುಗಡಲಲ್ಲಿ ಹಾಗೇನಮ್ಮಾ, ಸಿಗ್ನಲ್ ಇರಲ್ಲ. ಮುಂದಿನ ಬಂದರಿನ ಆಫೀಸಿಗೆ ಕಾಗದ ಹಾಕಿ, ಇಳಿದ ತಕ್ಷಣ ಕೊಡ್ತಾರೆ” ಎಂದರು. ಅದಕ್ಕೇ ಇದು. ನಾನು ಚೆನ್ನಾಗಿದ್ದೇನೆ. ಮಾವನವರೂ ಚೆನ್ನಾಗಿದ್ದಾರೆ ಎಂದೇ ಬರೆಯಬೇಕು, ಆದರೆ ಅವರ ವಿಷಯ ಒಂದು ಸಾಲಿನಲ್ಲಿ ಮುಗಿಯುವಂಥದ್ದಲ್ಲ.

ನನ್ನ ಕೆಲಸ ಏನೆಂದು ಯಾರಾದರೂ ಕೇಳಿದರೆ ನೀವು “ಕಂಪ್ಯೂಟರಿಗೆ ಪ್ಲಗ್ಗು ಮಾಡ್ತಾಳೆ” ಎಂದುಬಿಡುತ್ತೀರಲ್ಲ, ಈ ಸಲ ಆ ಪ್ಲಗ್ಗೇ ನನ್ನ ಜೀವ ಹಿಂಡಿತು. ಬೇಕಾದಾಗ ಯಂತ್ರದ ಪಕ್ಕದ ಸಂದಿಗೆ ತೂರಿಸಿ, ಬೇಡವಾದಾಗ ಎಳೆದು ತೆಗೆಯುವ ಚಪ್ಪಟೆ ಕಾರ್ಡು ಅದು. ಪಿನ್ನುಗಳ ಸುತ್ತ ತೆಳು ತಗಡಿನ ಕವಚ. ಕಾರ್ಡಿನ ಕವಚವೂ ಯಂತ್ರದ ಕವಚವೂ ಸುತ್ತಲೂ ಒಂದಕ್ಕೊಂದು ತಾಗಿರಬೇಕು. ತಾಗಿಸಲು ಪುಟ್ಟ ಪುಟ್ಟ ಸ್ಪ್ರಿಂಗ್ ಪಟ್ಟಿಗಳಿವೆ. ಹಾಕಿ ತೆಗೆದು, ಹಾಕಿ ತೆಗೆದು ಅವು ಸೋತು ಕೂದಲೆಳೆಯಷ್ಟು ಬಿರುಕು ಬಿಟ್ಟರೂ ಸಾಕು, ಒಳಗೆ ಓಡುವ ಸಂಕೇತವೆಲ್ಲ ಹೊರಗೆ ಸೋರುತ್ತದೆ. ಮನೆಯ ಗುಟ್ಟು ಬೀದಿಗೆ ಬಿದ್ದ ಹಾಗೆ. ನಾನು ಮಾಡಿದ ಮಾದರಿ ಕಾರ್ಡು ಎಲ್ಲೋ ಸೋರುತ್ತಿತ್ತು. ಎಲ್ಲಿಂದ ಎಂದು ಹುಡುಕಲು ಯಂತ್ರವನ್ನೇ ಮನೆಗೆ ತಂದು ಊಟದ ಮೇಜಿನ ಮೇಲೆ ಹರಡಿಕೊಂಡೆ.

ಮಾವನವರು ಎದುರಿಗೆ ಕುಳಿತು ಪೇಪರ್ ಓದುತ್ತಿದ್ದರು. ನಾನು ಕಾರ್ಡು ಹಾಕಿದ್ದೇ ತಡ, ತಲೆಯೆತ್ತಿ, “ಯಾರಮ್ಮಾ ಅದು ಮಾತಾಡ್ತಿರೋದು?” ಎಂದರು. ತೆಗೆದೆ. “ನಿಂತ್ಹೋಯ್ತು.” ಮತ್ತೆ ಹಾಕಿದೆ. “ಹೆಂಗಸಿನ ದನಿ.” ನನಗೆ ಖುಷಿಯೋ ಖುಷಿ. ಅವರ ಕಿವಿ ಮೆಷಿನ್ನಿನೊಳಗೆ ಟೆಲಿಫೋನಿಗೆಂದು ಒಂದು ತಂತಿಯ ಸುರುಳಿ ಇರುತ್ತದೆ, ಅದು ನನ್ನ ಸೋರಿಕೆಯನ್ನು ಹಿಡಿಯುತ್ತಿತ್ತು. ಹಾಗೆಂದೇ ವಿವರಿಸಿದೆ. ಗಣಿತದ ಮೇಷ್ಟ್ರಲ್ಲವೇ, ಒಪ್ಪಿಕೊಂಡರು. ಮೆಷಿನ್ನನ್ನು ನನ್ನ ಕಿವಿಗೂ ಇಟ್ಟುಕೊಂಡು ನೋಡಿದೆ. ಬಾಟಲಿಯೊಳಗೆ ಸಿಕ್ಕಿಬಿದ್ದ ನೊಣದ ಗುಂಯ್ ಸದ್ದು, ಅಷ್ಟೇ.

ಆದರೆ ಒಂದೆರಡು ದಿನ ಕಳೆಯುವಷ್ಟರಲ್ಲಿ ಅವರು ಆ ಸದ್ದಿಗೆ ಉತ್ತರ ಕೊಡತೊಡಗಿದರು. ಮೊದಲು ಬರೀ “ಹೂಂ... ಹೂಂ.” ಆಮೇಲೆ, “ಮಾತ್ರೆ ತಗೊಂಡಿದೀನಿ ಕಣೇ, ಎಷ್ಟು ಸಲ ಕೇಳ್ತೀಯ!” ಅತ್ತೆ ತೀರಿಕೊಂಡ ಮೇಲೆ ಆ ‘ಕಣೇ’ ಈ ಮನೆಯಲ್ಲಿ ಕೇಳಿರಲಿಲ್ಲ. ನನ್ನ ಕೈಯಲ್ಲಿದ್ದ ಚಿಮಟ ಹಾಗೇ ನಿಂತುಬಿಟ್ಟಿತು. ದೆವ್ವ ಅಂದರೆ ಹೊಟ್ಟೆ ಹಿಡಿದು ನಗುತ್ತಿದ್ದ ಮನುಷ್ಯ, ಹೊಸ ಮದುಮಗನ ಹಾಗೆ ತಲೆ ಬಾಚಿಕೊಂಡು ಮೇಜಿನ ಮುಂದೆ ಬಂದು ಕೂರುವುದು, ನಾನು ಆಫೀಸಿನಿಂದ ಬಂದ ತಕ್ಷಣ “ಕಾರ್ಡು ಹಾಕಮ್ಮಾ” ಎನ್ನುವುದು. ವಯಸ್ಸಾಯಿತು, ಒಂಟಿತನ ಎಂದುಕೊಂಡೆ. ಡಾಕ್ಟರಿಗೆ ತೋರಿಸಬೇಕು ಎಂದುಕೊಂಡೆ.

ಹೋದ ಭಾನುವಾರ ಬೆಳಿಗ್ಗೆ ಕೇಳಿಸಿಕೊಳ್ಳುತ್ತ ಕುಳಿತವರು ನನ್ನ ಕಡೆ ತಿರುಗಿ, “ಕೆಳಗಿನ ಮನೆ ಟೈಲರ್ ತಾಯಿ ನಿಮ್ಮತ್ತೆ ಇರೋ ಕಡೆಗೆ ಬಂದಿದ್ದಾರಂತಮ್ಮಾ. ಮಂಡಿನೋವು ಪೂರ್ತಿ ಹೋಯ್ತಂತೆ” ಎಂದರು. ನಾನು ನಕ್ಕುಬಿಟ್ಟೆ. ಹಿಂದಿನ ಸಂಜೆಯಷ್ಟೇ ಆಕೆ ಬಟ್ಟೆ ಒಣಗಿಸುತ್ತ ನೀರಿನವನನ್ನು ಬಯ್ಯುತ್ತಿದ್ದದ್ದನ್ನು ಕಣ್ಣಾರೆ ಕಂಡಿದ್ದೆ. ಬಗ್ಗಿಸಿಟ್ಟ ಚಹಾ ಇನ್ನೂ ಆರಿರಲಿಲ್ಲ, ಮೆಟ್ಟಿಲ ಕೆಳಗಿನಿಂದ ಟೈಲರ್ “ಅಮ್ಮಾ” ಎಂದು ಕಿರುಚಿದ್ದು ಕೇಳಿಸಿತು. ಮಲಗಿದಲ್ಲೇ ಹೋಗಿದ್ದರು. ಮಾವನವರು ಪೇಪರ್ ಮಡಚಿಟ್ಟು, “ಹೋಗಿ ಬಾಮ್ಮಾ, ಪಾಪ, ಆತ ಒಬ್ಬನೇ” ಎಂದರು. ಅವರ ಮುಖದಲ್ಲಿ ಆಶ್ಚರ್ಯವೇ ಇರಲಿಲ್ಲ. ಅದನ್ನು ನೋಡಿಯೇ ನನಗೆ ಹೆಚ್ಚು ಭಯವಾಯಿತು.

ಸೋಮವಾರ ಹಟ ಹಿಡಿದು ಕುಳಿತು ಬಿರುಕನ್ನು ಪತ್ತೆ ಮಾಡಿದೆ. ಮೂಲೆಯ ಒಂದು ಪಟ್ಟಿ ತಾಗಿದಂತೆ ಕಾಣುತ್ತಿತ್ತು, ತಾಗಿರಲಿಲ್ಲ. ಬಿಡಿ ಪಟ್ಟಿಗಳನ್ನೆಲ್ಲ ಕಿತ್ತು, ಸುತ್ತಲೂ ಒಂದೇ ಬಳೆಯಂತೆ ಅಪ್ಪಿಕೊಳ್ಳುವ ಸ್ಪ್ರಿಂಗ್ ಕೂರಿಸಿದೆ. ಮುಚ್ಚುವ ಮೊದಲು ಮಾವನವರಿಗೆ ಹೇಳದೆ ಇರಲಾಗಲಿಲ್ಲ. “ಇದಾದ ಮೇಲೆ ಏನೂ ಕೇಳಿಸಲ್ಲ ಮಾವಾ” ಎಂದೆ. ಬಹಳ ಹೊತ್ತು ಕಾರ್ಡನ್ನು ಅಂಗೈಯಲ್ಲಿ ಹಿಡಿದುಕೊಂಡಿದ್ದರು. “ನಿನ್ನ ಕೆಲಸ ನೀನು ಮಾಡಮ್ಮಾ. ಸೋರೋದನ್ನ ಸೋರೋಕೆ ಬಿಡಬಾರದು” ಎಂದು ಹಿಂದಕ್ಕೆ ಕೊಟ್ಟರು. ಹೊಸ ಕವಚ ಹಾಕಿ ಕಾರ್ಡು ತೂರಿಸಿದೆ. ಟಕ್ ಎಂದು ಕೂತಿತು. ಅವರು ಕತ್ತು ವಾಲಿಸಿಕೊಂಡು ಕಾದರು. ಆಮೇಲೆ, “ಹೋದಳು” ಎಂದಷ್ಟೇ ಹೇಳಿ, ಎದ್ದು ಹೋಗಿ ನನ್ನ ಲೋಟವನ್ನೂ ಸೇರಿಸಿ ತೊಳೆದಿಟ್ಟರು. ಅತ್ತೆಯನ್ನು ನಾನೇ ಎರಡನೇ ಸಲ ಕಳಿಸಿದಂತಾಯಿತು.

ಯಂತ್ರವನ್ನು ಮಂಗಳವಾರ ಆಫೀಸಿಗೆ ಹಿಂದಿರುಗಿಸಿದೆ. ಪರೀಕ್ಷೆಯ ಕೋಣೆಯಲ್ಲಿ ಸೋರಿಕೆ ಸೊನ್ನೆ. ನಮ್ಮ ದೊಡ್ಡ ಸಾಹೇಬರು, ನಗುವುದಕ್ಕೂ ಮೇಲಿನವರ ಅನುಮತಿ ಕೇಳುವ ಪುಣ್ಯಾತ್ಮರು, ಕೈ ಕುಲುಕಿದರು. ಎಲ್ಲರೂ ಚಪ್ಪಾಳೆ ತಟ್ಟಿದರು. ನನಗೆ ಮಾತ್ರ ಮನೆಯ ಮೇಜೇ ಕಣ್ಣ ಮುಂದೆ. ಈಗ ಮಾವನವರು ಮನೆಯಲ್ಲಿ ಕಿವಿ ಮೆಷಿನ್ನನ್ನು ಹಾಕಿಕೊಳ್ಳುವುದೇ ಇಲ್ಲ, ಜೇಬಿನಲ್ಲಿಟ್ಟುಕೊಂಡಿರುತ್ತಾರೆ. ಊಟ, ನಿದ್ದೆ ಸರಿಯಾಗಿದೆ. ನೀವು ಬಂದು ನಾಲ್ಕು ದಿನ ಜೊತೆಗಿದ್ದರೆ ಎಲ್ಲ ಸರಿಹೋಗುತ್ತದೆ.

ಮಾವನವರ ಆಶೀರ್ವಾದ ತಿಳಿಯಿರಿ. ನಿಮ್ಮ ಜೊತೆಯವರಿಗೆಲ್ಲ ನನ್ನ ನಮಸ್ಕಾರ. ಆರೋಗ್ಯ ಜೋಪಾನ.

ಇಂತಿ ನಿಮ್ಮ,
ಪ್ಲಗ್ಗಿನವಳು

ತಾ.ಕ.: ಲಕೋಟೆ ಅಂಟಿಸುವಷ್ಟರಲ್ಲಿ ಮಾವನವರು ಕೋಣೆಯಿಂದ ಬಂದರು. ಮೆಷಿನ್ ಜೇಬಿನಲ್ಲೇ ಇತ್ತು, ಕಿವಿಯಲ್ಲಿರಲಿಲ್ಲ. “ಅವಳು ಮತ್ತೆ ಮಾತಾಡ್ತಿದ್ದಾಳೆ ಕಣಮ್ಮಾ. ಇವತ್ತು ತುಂಬ ಸಂತೋಷವಾಗಿದ್ದಾಳೆ. ಮಗ ಬಂದಿದ್ದಾನೆ, ಮೈಯೆಲ್ಲ ಒದ್ದೆ, ಒರೆಸ್ತಿದ್ದೀನಿ ಅಂತಾಳೆ” ಎಂದರು. ಕಂಪನಿಯ ಫೋನನ್ನು ಯಾರೂ ಎತ್ತುತ್ತಿಲ್ಲ. ರೀ, ಈ ಕಾಗದ ಸಿಕ್ಕಿದ ಕ್ಷಣವೇ ಫೋನ್ ಮಾಡಿ. ಮಾತಾಡದಿದ್ದರೂ ಪರವಾಗಿಲ್ಲ, ನಿಮ್ಮ ಉಸಿರು ಕೇಳಿಸಿದರೆ ಸಾಕು.